ಶಿಶುವಿಹಾರದ ಇಪ್ಪತ್ತೆರಡು ಕುರ್ಚಿಗಳು

ಇದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಮೀಸೆ ಬೋಳಿಸಿ ನಿಮ್ಮ ಕೈಗೇ ಕೊಡುತ್ತೇನೆ. ನಡೆದದ್ದು ನಡೆದ ಹಾಗೆ ಹೇಳುತ್ತೇನೆ, ಕೇಳಿ.

ಟುನೀಷಿಯಾದ ಕರಾವಳಿಯ ಪುಟ್ಟ ಊರು. ಆಲಿವ್ ಕೊಯ್ಲಿನ ಕಾಲ. ಬೆಳಗ್ಗೆ ಟೀಚರ್ ವಸೀಲಾ ಪುರಸಭೆಯ ಶಿಶುವಿಹಾರದ ಬೀಗ ತೆಗೆದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಮಕ್ಕಳ ಕುರ್ಚಿಗಳು—ಇಪ್ಪತ್ತೆರಡೂ—ಮಾಯ! ಹೊತ್ತು ಮೀರಿದರೂ ಒಂದು ಮಗುವೂ ಬರಲಿಲ್ಲ.

ಹತ್ತು ಗಂಟೆಗೆ ಪುರಸಭೆ ಅಧ್ಯಕ್ಷ ಲಸಾದ್ ತಪಾಸಣೆಗೆ ಬರುವವನಿದ್ದ. ಕೊರತೆ ಕಂಡರೆ ಶಿಶುವಿಹಾರಕ್ಕೆ ಬೀಗ, ಆ ಜಾಗ ಕಸದ ಗಾಡಿ ನಿಲ್ಲಿಸಲು! ವಸೀಲಾಳ ಹನ್ನೊಂದು ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು.

ಅವಳು ಕಾವಲುಗಾರ ಮನೂಬಿಯನ್ನು ಕರೆಸಿದಳು. ಊರಲ್ಲಿ ಕಳೆದದ್ದನ್ನೆಲ್ಲ ಹುಡುಕಿಕೊಡುವವನು ಅವನೇ. ಸಮುದ್ರಕ್ಕೆ ಬಿದ್ದ ಉಂಗುರ ಯಾವ ಮೀನಿನ ಹೊಟ್ಟೆಯಲ್ಲಿದೆ ಎಂದು ಮೀನಿನ ಮುಖ ನೋಡಿಯೇ ಹೇಳಿದ್ದ!

"ಬೀಗ ಮುರಿದಿಲ್ಲ ಮಾಮ. ಕಿಟಕಿ ಮಾತ್ರ ತೆರೆದಿತ್ತು."

"ಯಾರ ಮೇಲೆ ಅನುಮಾನ?"

"ಖಾಸಗಿ ಶಿಶುವಿಹಾರದ ಹಾತೆಂ. ನಮ್ಮದು ಮುಚ್ಚಿದ್ರೆ ಮಕ್ಕಳೆಲ್ಲ ಅವನ ಪಾಲು ತಾನೆ?"

"ಅವನಾ? ತನ್ನ ಹೊಟ್ಟೆ ಹೊರೋದೇ ಕಷ್ಟ ಅವನಿಗೆ. ಇಪ್ಪತ್ತೆರಡು ಕುರ್ಚಿ ಬೇರೆ ಹೊರ್ತಾನಾ!"

ಅಷ್ಟರಲ್ಲಿ ಲಸಾದ್ ಬಂದೇಬಿಟ್ಟ. ಮನೂಬಿ ಕಿಟಕಿಯ ಹೊರಗೆ ಸುಣ್ಣದ ಗೋಡೆ ಸವರುತ್ತಿದ್ದ. ಅಲ್ಲಿ ಮೂರು ದಪ್ಪ ಗೀರು.

"ಬೆಕ್ಕು ಪರಚಿರ್ಬೇಕು, ಬಿಡಯ್ಯಾ," ಎಂದ ಲಸಾದ್.

"ಬೆಕ್ಕಿಗೆ ಮೂರೇ ಉಗುರಾ, ಅಧ್ಯಕ್ಷರೇ? ಇದು ಕೊಂಬೆಯಿಂದ ಆಲಿವ್ ಬಾಚಿ ಉದುರಿಸೋ ಕೈ."

"ಊರಿನ ಹೆಂಗಸರೆಲ್ಲ ಆಲಿವ್ ಬಾಚ್ತಾರಲ್ಲ, ಮಾಮ?" ಎಂದಳು ವಸೀಲಾ.

"ಅವರ ಕೈಲಿರೋದು ಪ್ಲಾಸ್ಟಿಕ್ ಬಾಚಣಿಗೆ. ಅದು ತಗುಲಿದ್ರೆ ಎಂಟು ಗೀರು. ಮೂರು ಬೆರಳಿಗೆ ಟಗರಿನ ಕೊಂಬು ತೊಟ್ಟು ಕೊಂಬೆ ಬಾಚೋರು ಈಗ ಊರಲ್ಲಿ ಒಬ್ಬರೇ. ಬೆಳಗ್ಗೆ ತೊಟ್ರೆ ಊಟಕ್ಕೇ ಬಿಚ್ಚೋದು. ಕಳ್ಳತನಕ್ಕೂ ಬಿಚ್ಚಿಲ್ಲ ನೋಡಿ!"

ಲಸಾದನ ಮುಖ ಗೋಡೆಗಿಂತ ಬೆಳ್ಳಗಾಯಿತು. "ನಮ್ಮಮ್ಮನಾ?!"

"ಅವರೇ. ಶೆಲ್ಬಿಯಾ ಅಜ್ಜಿ."

ಮೂವರೂ ಅಜ್ಜಿಯ ಆಲಿವ್ ತೋಪಿಗೆ ಓಡಿದರು. ಮರದ ಕೆಳಗೆ ಕುರ್ಚಿಗಳ ಸಾಲು. ಇಪ್ಪತ್ತೆರಡು ಮಕ್ಕಳು ಕೂತು ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ತಿನ್ನುತ್ತಿದ್ದಾರೆ!

"ಬಂದ್ಯಾ ಮಗನೇ?" ಅಜ್ಜಿ ಕೊಂಬಿನ ಬೆರಳು ಆಡಿಸಿದಳು. "ಕೊಯ್ಲು ಮುಗಿಯೋವರೆಗೆ ಶಿಶುವಿಹಾರ ಸಂಜೇತನಕ ತೆರೆದಿಡಿ ಅಂತ ಮೂರು ವರ್ಷ ಅರ್ಜಿ ಕೊಟ್ವಿ. ಓದಿದ್ಯಾ? ಹನ್ನೆರಡಕ್ಕೇ ಮುಚ್ತೀರ. ಆಮೇಲೆ ತಾಯಂದಿರು ಕೊಯ್ಲಲ್ಲಿ, ಈ ಕೂಸುಗಳು ಇದೇ ಒದ್ದೆ ಮಣ್ಣಲ್ಲಿ. ನೀನೇ ಬಂದು ಕಣ್ಣಾರೆ ನೋಡ್ಲಿ ಅಂತ ಕದ್ದೆ. ಕಿಟಕೀಲಿ ನುಗ್ಗಿ ಒಳಗಿಂದ ಕುರ್ಚಿ ಎತ್ತಿಕೊಟ್ಟೋಳು ನಿನ್ನ ಮಗಳೇ. ಹಾಕು, ಇಬ್ಬರಿಗೂ ಬೇಡಿ ಹಾಕು!"

ಪುಟ್ಟ ಹುಡುಗಿ ಎಣ್ಣೆಯ ಕೈ ಎರಡನ್ನೂ ಅಪ್ಪನ ಮುಂದೆ ಚಾಚಿದಳು. ಲಸಾದ್ ಮಂಡಿಯೂರಿ ಕೂತ. ಒದ್ದೆ ಮಣ್ಣಿನ ಥಂಡಿ ಮಂಡಿಗೆ ತಟ್ಟಿತು. "ಟೀಚರ್, ಸಂಜೆ ಐದರವರೆಗೆ ಇರೋಕಾಗುತ್ತಾ?" ಎಂದ.

"ಇವತ್ತಿಂದಲೇ," ಎಂದಳು ವಸೀಲಾ.

ಇಷ್ಟೇ ಕಥೆ. ಅಂದಹಾಗೆ, ನಿಮ್ಮೂರಿನ ಶಿಶುವಿಹಾರ ಎಷ್ಟು ಹೊತ್ತಿಗೆ ಮುಚ್ಚುತ್ತದೆ? ಗೊತ್ತಿಲ್ಲವೇ? ನಾಳೆ ಪುರಸಭೆಗೆ ಹೋಗಿ ಕೇಳಿಕೊಂಡು ಬನ್ನಿ. ಬರುವಾಗ ಆ ಮೂಲೆ ಅಂಗಡಿಯಿಂದ ಬಿಸಿ ಬಿಸಿ ಸಿಹಿ ಬೋಂಡ ತನ್ನಿ—ಸಕ್ಕರೆ ಧಾರಾಳವಾಗಿ ಉದುರಿಸಲು ಹೇಳಿ.