ಕಡಗದಿಂದ ನೀರು ತೊಟ್ಟಿಕ್ಕಿದ ಅಂಬಿಗ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುತ್ತಿರುವ ಮೊದಲ ಕತೆ ಇದು. ಸರಿಯಾಗಿ ಹೇಳಲು ಬರುವುದಿಲ್ಲ. ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಭಯಕ್ಕೆ ಎಲ್ಲವನ್ನೂ ವಿವರಿಸುತ್ತೇನೆ.

ತುಂಬಾ ಹಿಂದೆ, ಸುಳಿದುರ್ಗವೆಂಬ ರಾಜ್ಯದಲ್ಲಿ ಗಾದಿಲಿಂಗನೆಂಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ. ಹರಿಗೋಲೆಂದರೆ ಬಿದಿರಿನ ದುಂಡು ಬುಟ್ಟಿಗೆ ತೊಗಲು ಹೊದಿಸಿದ ದೋಣಿ. ತೊಗಲು ತೂತಾಗುವುದು ಸುಲಭ. ಆದ್ದರಿಂದ ಅಂಬಿಗರು ದಿನಾ ಬೆಳಿಗ್ಗೆ ಅದನ್ನು ಕವುಚಿ, ಅಂಗೈಯಿಂದ ತಳವನ್ನೆಲ್ಲ ಸವರಿ ನೋಡಿದ ಮೇಲೆಯೇ ನೀರಿಗಿಳಿಸುತ್ತಿದ್ದರು.

ಒಂದು ದಿನ ಗಾದಿಲಿಂಗ ಸವರಲಿಲ್ಲ. ದಡದಲ್ಲಿ ಜನ ಅವಸರ ಮಾಡುತ್ತಿದ್ದರು, ಅಷ್ಟೇ ಕಾರಣ. ನಡುಹೊಳೆಯಲ್ಲಿ ನೀರು ನುಗ್ಗಿತು. ನಾಲ್ವರನ್ನು ಈಜಿ ದಡ ಸೇರಿಸಿದ. ಹುಲಿಗೆವ್ವನ ಎಂಟು ವರ್ಷದ ಮಗಳು ನಿಂಗಿ ಮುಳುಗಿಹೋದಳು.

ಏನಾಯಿತೆಂದು ಎಲ್ಲರೂ ಕೇಳಿದಾಗ ಅವನ ಬಾಯಿಂದ ಬಂದದ್ದು ಒಂದೇ ಮಾತು: ಹರಿಗೋಲಿಗೆ ಮೊಸಳೆ ಕಚ್ಚಿತು.

ರಾಜ ಅವನನ್ನು ವೀರನೆಂದು ಹೊಗಳಿ ಬೆಳ್ಳಿ ಕಡಗ ತೊಡಿಸಿದ. ಹೊಳೆಯ ಮೊಸಳೆಗಳನ್ನೆಲ್ಲ ಕೊಲ್ಲಲು ಹೇಳಿದ. ಅಂದಿನಿಂದ ಯಾರಾದರೂ ಹೊಗಳಿದರೆ ಸಾಕು, ಕಡಗದಿಂದ ತಣ್ಣನೆಯ ನೀರು ತೊಟ್ಟಿಕ್ಕುತ್ತಿತ್ತು. ಅವನು ತೋಳನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಿದ್ದ.

ಆ ಹೊಳೆಯ ಮಡುವಿನಲ್ಲಿ ಜಲಕಂಠನೆಂಬ ಮಾಯಾವಿಯಿದ್ದ. ಯಾರ ಸಾವಿನ ಬಗ್ಗೆ ಸುಳ್ಳು ಹೇಳಲಾಗುತ್ತದೋ ಅವರು ಸಾಯುವುದಿಲ್ಲ, ಅವನ ಸೆರೆಗೆ ಸೇರುತ್ತಾರೆ. ಜನ ಮುಚ್ಚಿಟ್ಟ ಸುಳ್ಳೇ ಅವನ ಊಟ. ಗಾದಿಲಿಂಗನಿಗೆ ಇದು ಗೊತ್ತಾದದ್ದು ಮಡುವಿನಿಂದ ನಿಂಗಿ ಅಳುತ್ತ ತನ್ನ ಸೆರೆಯ ಕತೆ ಹೇಳುವುದು ಕೇಳಿದಾಗ.

ಮೊದಲ ದಿನ ಅವನು ಮಡುವಿಗೆ ಹೋಗಿ, ಕಡಗ ತಗೊಂಡು ಹುಡುಗಿಯನ್ನು ಬಿಡೆಂದು ಕೇಳಿದ. ಸುಳ್ಳಿಗೆ ಬಂದ ಕಡಗ ತನ್ನದೇ ಅಲ್ಲವೇ ಎಂದು ಮಾಯಾವಿ ನಕ್ಕ.

ಆಮೇಲೆ ಅವನು ಅನ್ನ ಬಿಟ್ಟ. ನೆಲದ ಮೇಲೆ ಮಲಗಿದ. ಎಲುಬು ಕಾಣುವಷ್ಟು ಸೊರಗಿ ಮತ್ತೆ ಹೋದ.

"ನೀನು ಸೊರಗಿದರೆ ಅವಳ ತಾಯಿಗೇನು ಸಿಕ್ಕಿತೋ?" ಎಂದ ಜಲಕಂಠ. "ಊರಲ್ಲಿ ನಿನ್ನನ್ನು ಈಗ ಸಾಧು ಅಂತಾರಂತೆ. ನನಗೆ ಎರಡು ತುತ್ತು ಜಾಸ್ತಿ ಸಿಕ್ಕಿತು."

ಮೂರನೆಯ ಸಲ ಮಾಯಾವಿಯೇ ಕರೆದು ಮರೆವಿನ ನೀರು ಕೊಟ್ಟ. ಕುಡಿದರೆ ಕಡಗ ಒಣಗುತ್ತದೆ, ಅಳು ಕೇಳುವುದಿಲ್ಲ. ಗಾದಿಲಿಂಗ ಬಟ್ಟಲನ್ನು ತುಟಿಯವರೆಗೂ ಎತ್ತಿದ. ಆಗ ಅವನಿಗೆ ಹೊಳೆಯಿತು: ನಿಜ ಗೊತ್ತಿರುವವನು ತಾನೊಬ್ಬನೇ, ತಾನೂ ಮರೆತರೆ ನಿಂಗಿ ಎಂದೆಂದಿಗೂ ಇಲ್ಲೇ. ಇಷ್ಟು ದಿನ ಶತ್ರುವೆಂದುಕೊಂಡಿದ್ದ ತನ್ನೊಳಗಿನ ಆ ಸಂಕಟವೊಂದೇ ಅವಳ ಪರವಾಗಿತ್ತು.

ಬಟ್ಟಲನ್ನು ಬಗ್ಗಿಸಿ ಚೆಲ್ಲಿ, ನೆಟ್ಟಗೆ ಹುಲಿಗೆವ್ವನ ಅಂಗಳಕ್ಕೆ ನಡೆದ. ಅವಳು ಜೋಳ ಕೇರುತ್ತಿದ್ದಳು. ಓಣಿಯ ಜನರೆಲ್ಲ ಇದ್ದರು.

"ಅಕ್ಕಾ, ಮೊಸಳೆ ಕಚ್ಚಲಿಲ್ಲ. ನಾನು ತಳ ಸವರಿ ನೋಡಿರಲಿಲ್ಲ," ಎಂದ.

ಹುಲಿಗೆವ್ವನ ಕೈಯ ಮೊರ ನಿಂತಿತು. ಎದ್ದು ಬಂದು ಅವನ ಕೆನ್ನೆಗೆ ಹೊಡೆದಳು. ಮತ್ತೊಮ್ಮೆ ಹೊಡೆದಳು. ಅವನು ತಡೆಯಲಿಲ್ಲ.

ಅತ್ತ ಮಡು ಬಿರಿಯಿತು. ಸುಳ್ಳು ಬಯಲಾದದ್ದರಿಂದ ಉಂಡದ್ದೆಲ್ಲ ಕರಗಿ, ಹಸಿವಿನಿಂದ ಜಲಕಂಠ ಕುಗ್ಗಿ ಕುಗ್ಗಿ ಬಸವನಹುಳುವಾಗಿ ಕಲ್ಲಿಗಂಟಿಕೊಂಡ. ಸೆರೆಯಲ್ಲಿದ್ದವರೆಲ್ಲ ಹೊರಬಂದರು. ನಿಂಗಿ ಒದ್ದೆ ಲಂಗದಲ್ಲೇ ಓಡಿಬಂದು, ತನಗೆ ಹಸಿವಾಗಿದೆ ಎಂದಳು. ರಾಜ ಕಡಗ ವಾಪಸು ತೆಗೆದುಕೊಂಡು, ಮೊಸಳೆ ಬೇಟೆ ನಿಲ್ಲಿಸಿದ. ಊರೆಲ್ಲ ಉಂಡು ನಲಿಯಿತು.

ಗಾದಿಲಿಂಗ ಮಾತ್ರ ಊರು ಬಿಡಲು ಗಂಟು ಕಟ್ಟಿದ. ಹುಲಿಗೆವ್ವ ಅವನ ಬಾಗಿಲಿಗೆ ಬಂದು ನಿಂತಳು.

"ಕ್ಷಮಿಸೀನಿ ಅಂತ ತಿಳೀಬ್ಯಾಡ, ತಮ್ಮಾ. ನಾನು ಇದನ್ನ ಮರಿಯಾಕಿ ಅಲ್ಲ. ಆದ್ರ ನಾಳೆ ನಾನೂ ನಿಂಗಿನೂ ಸಂತಿಗೆ ಹೋಗೂದೈತಿ. ಹರಗೋಲು ತಗೊಂಡು ಬಾ."

ಅವನು ಗಂಟು ಬಿಚ್ಚಿದ.

ಇದು ಕ್ಷಮೆಯೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ ಎಂದೇ ನನ್ನ ಅನಿಸಿಕೆ. ಅದು ಕ್ಷಮೆಗಿಂತ ದೊಡ್ಡದು, ಹೇಗೆಂದರೆ, ಅವಳು ಅವನನ್ನು ವೀರನೆಂದೂ ಕರೆಯಲಿಲ್ಲ, ಪಾಪಿಯೆಂದೂ ಕರೆಯಲಿಲ್ಲ, ಬರೀ ಅಂಬಿಗನಾಗಿ ಕೆಲಸಕ್ಕೆ ಕರೆದಳು, ಮತ್ತು ಹಾಗೆ ಕರೆಸಿಕೊಂಡವನಿಗೆ... ಹೊರಗೆ ಯಾರೋ ಕೂಗುತ್ತಿದ್ದಾರೆ, ಬಂದೆ