ಬೇರುಗನ್ನಡಿ ಮತ್ತು ಬೋರಲು ಬುಟ್ಟಿ

ಇನ್ನೂ ಬಾರದ ಒಂದಾನೊಂದು ಕಾಲದಲ್ಲಿ, ಹುಬ್ಬಳ್ಳಿಯೆಂಬ ಊರಿನ ಏಳಂತಸ್ತಿನ ಮನೆಯ ಮಾಳಿಗೆಯ ಮೇಲೆ, ಹುಡುಗಿಯೊಬ್ಬಳು ಮಣ್ಣಿನೊಳಗೆ ಮಲಗಿದ್ದ ಬೀಜವನ್ನು ನೋಡುತ್ತ ಕೂತಿದ್ದಳು. ಅವಳು ಮಣ್ಣು ಕೆದರಿರಲಿಲ್ಲ, ಕುಂಡ ಕದಲಿಸಿರಲಿಲ್ಲ. ಕುಂಡದ ಒಳಬದಿಯಲ್ಲಿ ಅಂಗೈಯಗಲದ ಬಿಲ್ಲೆಯೊಂದು ಹುದುಗಿತ್ತು. ಅವಳ ಕೈಯಲ್ಲಿ ಚಿತ್ರ ತೋರುವ, ಮಡಚಿಡಬಹುದಾದ ಸಣ್ಣ ತೆರೆಯೊಂದಿತ್ತು. ಬೆರಳು ಮುಟ್ಟಿಸಿದರೆ ಸಾಕು, ಕಗ್ಗತ್ತಲ ಮಣ್ಣು ತಿಳಿನೀರಿನಂತಾಗಿ, ಕರಿಯ ಹೀರೇಬೀಜ ಅದರಲ್ಲಿ ತೇಲಿದಂತೆ ಕಾಣುತ್ತಿತ್ತು.

ಅದರ ಹೆಸರು ಬೇರುಗನ್ನಡಿ. ಬಸುರಿಯ ಹೊಟ್ಟೆಯೊಳಗಿನ ಕೂಸನ್ನು ತೋರಿಸುವ ಯಂತ್ರದ ತಂಗಿಯೆನ್ನಿ. ಬಿಲ್ಲೆ ಮಣ್ಣಿನೊಳಗೆ ಒಂದು ಸದ್ದು ಬಿಡುತ್ತದೆ; ಕಲ್ಲಿಗೆ, ಹುಳಕ್ಕೆ, ಬೇರಿಗೆ ತಾಗಿ ಮರಳಿದ ಸದ್ದು ತೆರೆಯ ಮೇಲೆ ಚಿತ್ರವಾಗುತ್ತದೆ. ಒದ್ದೆ ಮಣ್ಣಿನಲ್ಲಿ ಏರುದನಿ ಅಲ್ಲೇ ಸಾಯುವುದರಿಂದ, ಜೊತೆಗೊಂದು ತಗ್ಗು ದನಿಯ ಗುನುಗನ್ನೂ ಕಳಿಸಬೇಕು. ಮನುಷ್ಯರ ಕಿವಿಗೆ ಅದು ಕೇಳಿಸುವಂಥದ್ದಲ್ಲ.

ಆ ಹೊತ್ತಿಗೆ ಊರಿನ ಕಾಯಿಪಲ್ಲೆಯೆಲ್ಲ ಮಣ್ಣಿಲ್ಲದೆ, ದೀಪದ ಕೆಳಗೆ, ಗೋದಾಮುಗಳಲ್ಲಿ ಬೆಳೆಯುತ್ತಿತ್ತು. ಮಣ್ಣು ಮುಟ್ಟಿ ಗೊತ್ತಿದ್ದ ಕೈಗಳು ವಿರಳವಾಗಿದ್ದವು. ಬೇರುಗನ್ನಡಿ ಬಂದದ್ದೇ ತಡ, ಜನಕ್ಕೆ ಧೈರ್ಯ ಬಂತು. ಕಂಡದ್ದಕ್ಕೆ ಹೆದರಿಕೆ ಏನು? ಬಾಲ್ಕನಿ ಬಾಲ್ಕನಿಗೂ ಕುಂಡ ಬಂತು.

ಮಾಳಿಗೆಯ ಆ ಹುಡುಗಿ, ಶಾಲೆಯ ಪುಸ್ತಕಗಳಿಗೆ ಚಿತ್ರ ಬರೆಯುವ ಕುಮುದಾ, ಕುಂಡ ಇಟ್ಟದ್ದೂ ಅದೇ ಮೊದಲು. ಆದರೆ ಅವಳ ಬೀಜ ಅಂಗಡಿಯದಲ್ಲ. ಅವಳ ಅಜ್ಜಿ ಬಸಲಿಂಗವ್ವ ತವರಿನಿಂದ ತಂದು, ಐವತ್ತು ವರ್ಷ ತಪ್ಪದೆ ಬೆಳೆದು, ಬೂದಿ ತುಂಬಿದ ಡಬ್ಬಿಯಲ್ಲಿ ಕಾಯ್ದಿಟ್ಟ ಗಿಡ್ಡ ಹೀರೇಕಾಯಿಯ ಬೀಜ. ಎರಡು ವರ್ಷದಿಂದ ಅಜ್ಜಿಯ ಮೊಣಕಾಲು ಬಗ್ಗುತ್ತಿರಲಿಲ್ಲ, ಬೀಜ ಮಣ್ಣು ಕಂಡಿರಲಿಲ್ಲ. ಉಳಿದದ್ದು ಒಂಬತ್ತು. ಈ ವರ್ಷ ದಾಟಿದರೆ ಅವುಗಳ ಜೀವ ಆರುತ್ತದೆ; ಬೇರೆ ಯಾರ ಮನೆಯಲ್ಲೂ ಆ ತಳಿ ಇಲ್ಲ.

"ದೀಪಾವಳಿಯೊಳಗ ಗಲಗಲ ಅನ್ನೋ ಒಣಕಾಯಿ ನಿನ್ನ ಕೈಯಾಗ ಇಡತೀನಿ, ಅಜ್ಜಿ," ಎಂದು ಕುಮುದಾ ಮಾತು ಕೊಟ್ಟಿದ್ದಳು.

"ಇಡು ಇಡು. ಮೊದಲ ಆ ಕನ್ನಡಿ ಕೆಳಗಿಡು. ದಿನಾ ಬೀಜ ಕೆದರಿ ನೋಡತಿದ್ದ ರಾಜಕುಮಾರಿ ಕತಿ ಹೇಳಿಲ್ಲೇನ ನಿನಗ?"

"ಅರ್ಧಾ ಹೇಳೀದಿ. ಕಡೀಕೆ ಏನಾತು?"

"ಕಾಯಿ ಒಣಗಲಿ, ಹೇಳತೀನಿ."

ರೋಹಿಣಿ ಮಳೆಗೆ ಊರಿದ ಮೂರು ಬೀಜ ಮೊಳೆತವು. ಬಿಳಿಯ ಬೇರು ಸೂಜಿಯ ಮೊನೆಯಂತೆ ಹೊರಬಂದದ್ದನ್ನು ಕಂಡಾಗ ಕುಮುದಾ ಟ್ರಾಮಿನಲ್ಲಿ ಎಲ್ಲರೆದುರೇ ಚಪ್ಪಾಳೆ ತಟ್ಟಿದಳು. ಎಲ್ಲಿದ್ದರೂ ತೆರೆಯಲ್ಲಿ ಕಾಣುತ್ತದಲ್ಲ! ಊಟದ ನಡುವೆ ನೋಡಿದಳು, ಚಿತ್ರಕ್ಕೆ ಬಣ್ಣ ಹಚ್ಚುತ್ತ ನೋಡಿದಳು, ಒಮ್ಮೆ ನೋಡಿ ತೆರೆ ಮಡಚಿಟ್ಟು, ಮಡಚಿಡುವಾಗ ಏನೋ ಅಲುಗಿದಂತಾಯಿತೆಂದು ಮತ್ತೆ ಬಿಚ್ಚಿ ನೋಡಿದಳು. ಎರಡೆಲೆ ಒಡೆದು, ಮೂರನೆಯದು ಮೂಡುವ ಹೊತ್ತಿಗೆ ಮೂರೂ ಸಸಿ ಕತ್ತು ಬಾಗಿಸಿದವು. ಮತ್ತೆ ಮೂರು ಊರಿದಳು. ಈ ಸಲ ಜೀವ ಕೈಯಲ್ಲಿ ಹಿಡಿದು, ಹಿಂದಿಗಿಂತ ಹೆಚ್ಚು ನೋಡಿದಳು. ಅವೂ ಬಾಡಿದವು.

ಉಳಿದದ್ದು ಮೂರು. ಕುಮುದಾ ಕೊನೆಯ ಬಾಡಿದ ಸಸಿಯನ್ನು ಕುಂಡದ ಸಮೇತ ಮಡಿಲಲ್ಲಿಟ್ಟುಕೊಂಡು ಧಾರವಾಡದ ಬಸ್ಸು ಹತ್ತಿದಳು. ಬೇರುಗನ್ನಡಿಯನ್ನು ಕಂಡುಹಿಡಿದ ವಿಜ್ಞಾನಿ ಪ್ರಭುದೇವ ಮೆಣಸಿನಕಾಯಿ ಇದ್ದದ್ದು ಅಲ್ಲಿ.

"ಮೆಣಸಿನಕಾಯಿಯವರು ಹೀರೀಕಾಯಿಗೆ ಔಷಧ ಹೇಳತಾರೇನ?" ಎಂದು ಅಜ್ಜಿ ಬಾಗಿಲಲ್ಲೇ ನಕ್ಕಿದ್ದಳು. ಕುಮುದಾಳಿಗೆ ನಗು ಬಂದಿರಲಿಲ್ಲ.

ವಿಜ್ಞಾನಿ ಐವತ್ತು ದಾಟಿದವರು, ಉಗುರುಸಂದಿನಲ್ಲಿ ಮಣ್ಣಿದ್ದವರು. ಕುಂಡವನ್ನು ನೋಡಿದೊಡನೆ ಅವರ ಮುಖ ಸಣ್ಣದಾಯಿತು.

"ದಿನಕ್ಕ ಎಷ್ಟ ಸಲ ನೋಡತಿದ್ರಿ?"

"ಮುಂಜಾನೆ ಒಮ್ಮೆ, ಸಂಜೀಕ ಒಮ್ಮೆ. ನಡುವ... ಒಂದೆರಡು ಸಲರಿ."

ಅವರು ಅವಳ ತೆರೆ ಇಸಿದುಕೊಂಡರು. ಅದು ಎಲ್ಲವನ್ನೂ ನೆನಪಿಟ್ಟಿತ್ತು. "ನಿನ್ನೆ ಒಂದ ದಿನ ಇನ್ನೂರಾ ಹದಿನಾಕು ಸಲ," ಎಂದರು, ಗದರಿಸದೆ.

ಕುಮುದಾಳ ಕಿವಿ ಬಿಸಿಯಾದವು. ಅವರು ಕುಂಡವನ್ನು ಹಳೆಯ ಬಟ್ಟೆಯ ಮೇಲೆ ಮಗುಚಿ, ಮಣ್ಣನ್ನು ಮೆಲ್ಲಗೆ ಬಿಡಿಸಿದರು. ಕೆಳಗಿಳಿಯಬೇಕಾದ ಬೇರುಗಳೆಲ್ಲ ಅಡ್ಡಕ್ಕೆ ಹೊರಳಿ, ಕಾಳು ಚೆಲ್ಲಿದ ಕಡೆ ಕೋಳಿಮರಿಗಳು ಮುಗಿಬಿದ್ದಂತೆ, ಬಿಲ್ಲೆಯ ಮುಖಕ್ಕೆ ಅಂಟಿಕೊಂಡಿದ್ದವು. ತೆರೆಯ ತುಂಬ ಬೇರು ಕಂಡಾಗಲೆಲ್ಲ ಕುಮುದಾ ಅದನ್ನು ಬೆಳವಣಿಗೆಯೆಂದೇ ತಿಳಿದಿದ್ದಳು.

"ಬೇರಿಗೂ ಒಂದ ನಮೂನಿ ಕಿವಿ ಇರತೈತಿ ನೋಡ್ರಿ. ನೀರ ಹರಿಯೋ ಸಪ್ಪಳ ಬಂದ ಕಡೆ ಹೊರಳತಾವ. ನಮ್ಮ ಬಿಲ್ಲಿ ಗುನುಗು ಇವಕ್ಕ ನೀರಿನ ಸಪ್ಪಳದಂಗ ಕೇಳೇತಿ. ದಿನಕ್ಕ ಎರಡ ಸಲ ಆದ್ರ ಮರತ ಬಿಡತಾವ. ಇನ್ನೂರು ಸಲ ಕರದ್ರ, ಪಾಪ, ಕೆಳಗಿರೋ ನೀರ ಬಿಟ್ಟು ಇಲ್ಲದ ನೀರಿಗೆ ಬೆನ್ನ ಹತ್ತತಾವ."

"ಅಂದ್ರ ನಾ ನೋಡಿದ್ದಕ್ಕ ಸತ್ತವೇನ್ರಿ?"

"ನಾ ಮಾಡಿದ್ದಕ್ಕ ಸತ್ತವು." ಅವರು ಒಣಗಿದ ಬೇರೊಂದನ್ನು ಬೆರಳಿಂದ ನೇರ ಮಾಡಲು ನೋಡಿದರು, ಅದು ತುಂಡಾಯಿತು. "ನಾವು ಇಲ್ಲೆ ಮುಂಜಾನೆ ಒಮ್ಮೆ, ಸಂಜೀಕ ಒಮ್ಮೆ ನೋಡಿ ಬರಕೊಂಡ್ವಿ. ಪಗಾರಕ್ಕ ನೋಡೋರು ಹಂಗ ನೋಡತಾರ. ಜೀವ ಹಚಗೊಂಡೋರು ಹೆಂಗ ನೋಡತಾರಂತ ನಾವು ವಿಚಾರನ ಮಾಡಲಿಲ್ಲ. ಈ ತಿಂಗಳ ಬಂದೋರಾಗ ನೀವು ಹದಿನೇಳನೆಯವರು. ಎಲ್ಲಾರೂ ಹೊಸಬರು. ಬಾಡಿದಷ್ಟು ನೋಡತಾರ, ನೋಡಿದಷ್ಟು ಬಾಡತಾವ."

"ನನ್ನ ಕಡೆ ಮೂರ ಬೀಜ ಉಳದಾವ್ರಿ. ಏನ ಮಾಡಲಿ?"

"ಬಿಲ್ಲಿ, ತೆರಿ ಎರಡೂ ಇಲ್ಲೆ ಬಿಟ್ಟ ಹೋಗ್ರಿ," ಎಂದರು ವಿಜ್ಞಾನಿ. "ಮುಂದಿಂದು ನನಗೂ ಗೊತ್ತಿಲ್ಲ. ನಾ ನೋಡದ ಯಾವತ್ತೂ ಗಿಡ ಬೆಳೆಸಿಲ್ಲ."

ಸುದ್ದಿ ಕೇಳಿ ಅಜ್ಜಿ ಅಟ್ಟದಿಂದ ಒಂದು ಬಿದಿರಿನ ಬುಟ್ಟಿ ಇಳಿಸಲು ಹೇಳಿದಳು. ದಸರೆಯಲ್ಲಿ ಅವರ ಮನೆಯವರು ಘಟ್ಟ ಹಾಕುತ್ತಿದ್ದರು: ಮಣ್ಣಿನ ಮೇಲೆ ಕಾಳು ಬಿತ್ತಿ, ದೇವರ ಮುಂದಿಟ್ಟು, ಬುಟ್ಟಿ ಬೋರಲು ಹಾಕಿದರೆ ಮೊಳಕೆ ಏಳುವವರೆಗೆ ಎತ್ತಿ ನೋಡುವಂತಿಲ್ಲ. ಅದೇ ಬುಟ್ಟಿ ಈಗ ಕೊನೆಯ ಮೂರು ಬೀಜ ಊರಿದ ಕುಂಡದ ಮೇಲೆ ಬೋರಲು ಬಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಅಜ್ಜಿ ಕಾವಲು ಕೂತಳು.

ಕುಮುದಾಳಿಗೆ ಆ ಏಳು ದಿನ ಮೈಯೆಲ್ಲ ಇರುವೆ ಹರಿದಂತೆ. ಬೆರಳು ತಾನಾಗಿ ಜೇಬಿಗೆ ಹೋಗಿ ಇಲ್ಲದ ತೆರೆಯನ್ನು ತಡಕುತ್ತಿತ್ತು. ಬರೆದ ಆನೆಗೆ ಎರಡು ಬಾಲ ಬಂದವು. ಕಾಣದ ಮಣ್ಣಿನೊಳಗೆ ಅವಳ ಮನಸ್ಸೇ ಚಿತ್ರ ಬಿಡಿಸತೊಡಗಿತು: ಬೀಜ ಕೊಳೆಯಿತು, ಇರುವೆ ಹೊತ್ತೊಯ್ದಿತು, ಬೀಜ ಮಗ್ಗುಲು ಬದಲಿಸಿ ನಿಟ್ಟುಸಿರಿಟ್ಟಿತು. ನಾಲ್ಕನೆಯ ದಿನ, ಅಜ್ಜಿ ತೂಕಡಿಸುವುದನ್ನು ಕಂಡು, ಬುಟ್ಟಿಯ ಅಂಚಿಗೆ ಕೈಹಾಕಿದಳು.

"ಕೈ!" ಎಂದಳು ಅಜ್ಜಿ, ಕಣ್ಣು ತೆರೆಯದೆ.

"ಗಾಳಿ ಆಡಲಂತ ಅಜ್ಜಿ..."

"ಬುಟ್ಟ್ಯಾಗ ನೂರ ತೂತ ಅದಾವ. ಗಾಳಿ ನಿನ್ನ ಕೇಳಿ ಹೋಗತೈತೇನ?"

ಎಂಟನೆಯ ದಿನ ಬುಟ್ಟಿ ಎತ್ತಿದರು. ಮೂರರಲ್ಲಿ ಎದ್ದದ್ದು ಒಂದೇ. ಬಿಳಿಚಿಕೊಂಡು, ತಲೆಯ ಮೇಲೆ ಕರಿಯ ಸಿಪ್ಪೆಯನ್ನು ಟೊಪ್ಪಿಗೆಯಂತೆ ಹಾಕಿಕೊಂಡು ನಿಂತಿತ್ತು. ಐವತ್ತು ವರ್ಷದ ತಳಿ ಈಗ ಆ ಒಂದು ದಾರದಂಥ ಕಾಂಡದ ಮೇಲಿತ್ತು.

ಅದಕ್ಕೆ ನೀರು ಬೇಕೇ ಬೇಡವೇ ಎಂದು ಹೇಳುವ ತೆರೆಯಿರಲಿಲ್ಲ. "ಬೆರಳ ಎರಡ ಗೆಣ್ಣು ಮಣ್ಣಾಗ ಇಳಸು. ತಂಪಿದ್ರ ಸುಮ್ಮನ ಬಾ," ಎಂದಳು ಅಜ್ಜಿ. ಕುಮುದಾ ದಿನಕ್ಕೊಮ್ಮೆ ಬೆರಳಿಳಿಸಿದಳು, ಹೆಚ್ಚಿನ ದಿನ ಸುಮ್ಮನೆ ಬಂದಳು. ಸುಮ್ಮನೆ ಬರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಬಳ್ಳಿ ದಾರ ಹಿಡಿದು ಏರಿತು. ಒಂದು ಸಂಜೆ ಹಳದಿ ಹೂ ಬಿಟ್ಟಿತು. ಹೂವಿನ ಬುಡದಲ್ಲಿ ಕಿರುಬೆರಳಿನಷ್ಟು ಕಾಯಿ ಕಂಡಾಗ ಅಜ್ಜಿ ಅದರ ತೊಟ್ಟಿಗೆ ಕೆಂಪು ಬಟ್ಟೆಯ ಚೂರು ಕಟ್ಟಿಸಿದಳು. ಬಟ್ಟೆ ಕಟ್ಟಿದ ಕಾಯಿ ಬೀಜಕ್ಕೆ, ಯಾರೂ ಹರಿಯುವಂತಿಲ್ಲ. ಆಮೇಲೆ ಬಿಟ್ಟವು ಚಟ್ನಿಗೆ ಹೋದವು. ಅದೊಂದು ಮಾತ್ರ ಬಲಿತು, ಹಳದಿಯಾಗಿ, ಕಂದಾಗಿ, ಗಾಳಿಗೆ ತೂಗುತ್ತ ಉಳಿಯಿತು.

ಅಷ್ಟರಲ್ಲಿ ಬೇರುಗನ್ನಡಿಯನ್ನು ಮಾರುತ್ತಿದ್ದವರು ದಿನಕ್ಕೆ ಎರಡೇ ನೋಟವೆಂದು ಬೀಗ ಹಾಕಿದ್ದರು. ಜನ ಬೀದಿಗಿಳಿದು ಜಗಳ ತೆಗೆದರು, ಕನ್ನಡಿಗಳನ್ನು ವಾಪಸು ಎಸೆದರು. ಬಾಲ್ಕನಿಯ ಕುಂಡಗಳು ಖಾಲಿಯಾದವು. ಕಾಣದ್ದನ್ನು ಬೆಳೆಸುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ನರಕ ಚತುರ್ದಶಿಯ ಮುಂಜಾನೆ ಕುಮುದಾ ಒಣಕಾಯಿಯನ್ನು ಕೊಯ್ದು, ಎಣ್ಣೆ ಹಚ್ಚಿಕೊಂಡು ಕೂತಿದ್ದ ಅಜ್ಜಿಯ ಮುಂದೆ ನಿಂತಳು. ಕೊಡುವ ಮೊದಲು ಕೇಳಿದಳು, "ರಾಜಕುಮಾರಿ ಕತಿ?"

ಅಜ್ಜಿ ಬಾಗಿಲಿನ ಕಡೆ ನೋಡಿದಳು. "ಆಕಿ ರಾಜಕುಮಾರಿ ಅಲ್ಲವ್ವಾ. ನಾನ. ನಿಮ್ಮಪ್ಪ ಹಾಸ್ಟೆಲಿಗೆ ಹೋದಾಗ ನನ್ನ ಕಡೆ ಫೋನ್ ಇತ್ತು. ಅವ ಎಲ್ಲದಾನ, ಯಾವ ಓಣ್ಯಾಗ ನಿಂತಾನ, ಎಷ್ಟೊತ್ತಿಗೆ ಮಲಗ್ಯಾನ, ಎಲ್ಲಾ ಅದರಾಗ ಕಾಣತಿತ್ತು. ಗಳಿಗಿ ಗಳಿಗಿಗೆ ನೋಡತಿದ್ದೆ. ಅವ ಒಂದಿನ ತನ್ನ ಫೋನ್ ಗೆಳ್ಯಾನ ಚೀಲದಾಗ ಹಾಕಿ ಎಲ್ಲೋ ನಡದಬಿಟ್ಟ. ವಾರದ ಮ್ಯಾಲೆ ತಿರುಗಿ ಬಂದ. ಆದ್ರ ಬಂದಾಂವ ಮತ್ತ ಬಾಯಿಬಿಟ್ಟು ನನ್ನ ಕೂಡ ಮಾತಾಡಲಿಲ್ಲ."

ಕುಮುದಾಳಿಗೆ ಗದಗಿನಿಂದ ಹಬ್ಬಕ್ಕೆ ಬಂದು, ತಾಸು ಹೊತ್ತು ಕೂತು, ಗಡಿಯಾರ ನೋಡಿ ಎದ್ದುಹೋಗುವ ಅಪ್ಪ ನೆನಪಾದ. ಇವತ್ತೂ ಬರುವವನಿದ್ದ.

ಅವಳು ಕಾಯಿಯನ್ನು ಅಜ್ಜಿಯ ಎಣ್ಣೆಗೈಯಲ್ಲಿಟ್ಟಳು. ಅಜ್ಜಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗಲಗಲ ಎಂದಿತು. ತುದಿ ಮುರಿದು ಬೀಜಗಳನ್ನು ಬೂದಿಯ ಡಬ್ಬಿಗೆ ಸುರಿದು, ಮೂರನ್ನು ಬೇರೆ ತೆಗೆದು ಮೊಮ್ಮಗಳ ಅಂಗೈಯಲ್ಲಿಟ್ಟು ಮುಚ್ಚಿದಳು.

"ಇವು ನಿಮ್ಮಪ್ಪಗ ಕೊಡು. ಮಣ್ಣಾಗ ಹಚ್ಚಿದನೋ ಇಲ್ಲೋ ಅಂತ ನಾ ಕೇಳಂಗಿಲ್ಲ ಅಂತ ಹೇಳು."