ಮೂರನೇ ತೊಲೆ

೧೯೯೨ರ ಮಾರ್ಚ್ ೧೪, ಶನಿವಾರ ಬೆಳಿಗ್ಗೆ ೮-೧೦. ಎರಡು ದಿನದ ಬಂದೋಬಸ್ತ್ ಮುಗಿಸಿ ಅಥಣಿ ಠಾಣೆಗೆ ಬಂದು ಕೂತಿದ್ದ ಇನ್ಸ್‌ಪೆಕ್ಟರ್ ಮುರಗೆಪ್ಪನವರು ಇನ್ನೂ ಬೂಟು ಬಿಚ್ಚಿರಲಿಲ್ಲ. ಎಂಜಿನಿಯರ್ ಧನಪಾಲ ಓಡಿಬಂದ.

"ತೊಲಿ ಕೊಯ್ದಾರ್ರಿ ಸಾಹೇಬ್ರ!"

ಒಣದ್ರಾಕ್ಷಿ ಹರಾಜಿಗೆಂದು ಧನಪಾಲ ಕಟ್ಟಿಸುತ್ತಿದ್ದ ದೊಡ್ಡ ಸಭಾಂಗಣದ ತೊಲೆ ಅದು. ಕಟ್ಟಡಕ್ಕೆ ಉಕ್ಕಿಲ್ಲ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದ ಅರವತ್ತು ಅಡಿಯ ಎಂಟು ತೊಲೆಗಳೇ ಚಾವಣಿ ಹೊರಬೇಕು. ಸೋಮವಾರ ಮೇಲೇರಿಸುವುದಿತ್ತು.

ಎಫ್‌ಐಆರ್ ಆಯಿತು. ೧೦-೩೦ಕ್ಕೆ ಪಂಚನಾಮೆ. ಮೂರನೇ ತೊಲೆಯನ್ನು ನಟ್ಟನಡುವೆ ಮುಕ್ಕಾಲು ಭಾಗ ಕೊಯ್ದಿದ್ದರು. ಕೊಯ್ತದ ಅಂಚಿಗೆ ಪೆನ್ಸಿಲ್ ಗೆರೆ.

"ಕೆಡಸಾಕ ಬಂದಾಂವ ಗೆರಿ ಹೊಡದ ಕೊಯ್ದಾನಲ್ರಿ!" ಕಾನ್ಸ್‌ಟೇಬಲ್ ಸಿದರಾಯ ನಕ್ಕ. "ಭಾರೀ ನೀಟ ಕಳ್ಳ."

ಮುರಗೆಪ್ಪ ನಗಲಿಲ್ಲ. ಬಡಿಗನಲ್ಲದವನು ಗೆರೆ ಹೊಡೆಯುವುದಿಲ್ಲ. ಬಗ್ಗಿ ಮೂಸಿದರು. ಅಗಸೆ ಎಣ್ಣೆಯ ವಾಸನೆ. ಮಿಕ್ಕ ಏಳರಲ್ಲಿ ಅದಿಲ್ಲ.

"ಮೂರನೇದರ ಹಲಗಿ ಹೆರದಾವ್ರು ಯಾರ?"

"ಲಗಮಣ್ಣಜ್ಜ," ಎಂದ ಧನಪಾಲ. "ದೇವರಂಥಾ ಮನಶಾ ರೀ."

ಮಧ್ಯಾಹ್ನ ೩-೧೫. ಲಗಮಣ್ಣ ಬಡಿಗೇರ ತನ್ನ ಮನೆಯ ಕಟ್ಟೆಯ ಮೇಲೆ ಅರದಿಂದ ಗರಗಸದ ಹಲ್ಲು ಮಸೆಯುತ್ತಿದ್ದ.

"ಹಲ್ಲ ಯಾಕ ಮೊಂಡ ಆದುವು ಅಜ್ಜಾ?"

ಮುದುಕ ಅರ ಕೆಳಗಿಟ್ಟ. "ಅಂಟು ಬಾಳ ಬಿರಸ ಐತ್ರಿ."

"ನೀನ ಕೊಯ್ದಿ?"

"ಹೌದ್ರಿ."

"ಯಾಕ?"

"ನಾ ಗೂಟಾ ಬಡದ ಕೂಡಸಾಂವ್ರಿ, ಅಂಟಿನ ಕೆಲಸ ಕಂಡಾಂವಲ್ಲ. ಹುಳಾ ಹತ್ತಬಾರದಂತ ಹೆರದ ಹಲಗಿಗೆಲ್ಲಾ ಎಣ್ಣಿ ಒರಸಿದ್ನಿ. ನಮ್ಮಪ್ಪನೂ ಒರಸತಿದ್ದ. ಮರುದಿನಾ ಇವ್ರು ಅಂಟ ಹಚ್ಚಿದ್ರು. ಮೊನ್ನೆ ಆ ತೊಲಿ ತುದಿ ಕತ್ತರಸಿದ ತುಂಡ ಎತ್ತಿದ್ನಿ, ಕೈಯಾಗ ಎರಡ ಹೋಳಾತು. ಎಣ್ಣಿ ಇದ್ದಲ್ಲಿ ಅಂಟು ಹಿಡದಿಲ್ಲ."

"ಎಂಜಿನಿಯರಗ ಹೇಳಬೇಕಿಲ್ಲ?"

"ಬಾಯಿ ಬರಲಿಲ್ರಿ. ನಲವತ್ತ ವರ್ಷದಾಗ ನನ್ನ ಕೆಲಸಾ ಯಾರೂ ಬಿಚ್ಚಿ ನೋಡಿಲ್ಲ. ಹೇಳದ ಬಿಟ್ರ ಮುನ್ನೂರ ಮಂದಿ ಅದರ ಕೆಳಗ ಕುಂದ್ರತಾರ. ಕೊಯ್ದ್ರ ಅದನ್ನ ಮ್ಯಾಲ ಏರಸೂದಿಲ್ಲಲ್ರಿ."

ಗರಗಸ ಜಪ್ತಿಯಾಯಿತು. ೫-೪೦ಕ್ಕೆ ದಸ್ತಗಿರಿ. ಠಾಣೆಯಲ್ಲಿ ಲಗಮಣ್ಣ ಕೈಮುಗಿದ. "ಕೊಯ್ದದ್ದ ಬರಕೊಳ್ರಿ ಸಾಹೇಬ್ರ. ಎಣ್ಣಿ ಮಾತ ಬರೀಬ್ಯಾಡ್ರಿ. ಹೊಟ್ಟಿಕಿಚ್ಚಿಗೆ ಕೊಯ್ದಾ ಅಂತ ಬರೀರಿ."

ಮುರಗೆಪ್ಪ ಕಣ್ಣುಜ್ಜಿಕೊಂಡು ಪೆನ್ನು ಎತ್ತಿಕೊಂಡರು.

"ಬರೀದಿದ್ರ ಹೊಸಾ ತೊಲಿಗೆ ಇನ್ನೊಬ್ಬ ಬಡಿಗ್ಯಾ ಎಣ್ಣಿ ಒರಸ್ತಾನ ಅಜ್ಜಾ."

ಮುದುಕ ಮುಗಿದ ಕೈ ಇಳಿಸಿದ. "ಹಂಗಾರ ಬರೀರಿ," ಎಂದ. ಸಹಿ ಮಾಡುವ ಮೊದಲು, ಓರೆಯಾಗಿದ್ದ ಕಾಗದವನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಕೊಂಡ.